ಕೈಗಡಕ್ಕೆ ಅಚ್ಚಿನ ಪ್ರೊನೋಟು: ಫೋರ್ಟಿನ ಪುಸ್ತಕ ಕೊಳ್ಳುವ ಮುನ್ನ

ಮುಂಬಯಿಯ ಫೋರ್ಟಿನಲ್ಲಿ, ಕೋರ್ಟುಗಳ ಸುತ್ತಲಿನ ಸ್ಟೇಷನರಿ ಅಂಗಡಿಗಳಲ್ಲಿ ಅಚ್ಚು ಹಾಕಿದ ಪ್ರೊನೋಟು (ಇಷ್ಟು ಹಣ ಕೊಡುತ್ತೇನೆಂದು ಸಾಲಗಾರ ಬರೆದುಕೊಡುವ ಪತ್ರ) ಪುಸ್ತಕ ಸಿಗುತ್ತದೆ. ಮಾಟುಂಗಾ, ಡೊಂಬಿವಲಿಯ ನಮ್ಮ ಹೋಟೆಲಿನವರು ಬಿಲ್ಲಿನ ಹಿಂಬದಿಯಲ್ಲಿ ಬರೆಸಿಕೊಳ್ಳುವ ಚೀಟಿಗಿಂತ ಇದು ಎಷ್ಟೋ ಗಟ್ಟಿ. "ಎರಡು ಲಕ್ಷ ಪಡೆದಿದ್ದೇನೆ" ಎಂಬ ಚೀಟಿ ಪಡೆದದ್ದನ್ನಷ್ಟೇ ಹೇಳುತ್ತದೆ. ಅದು ಸಾಲವಲ್ಲ, ನನಗೆ ಬರಬೇಕಿದ್ದ ಹಳೇ ಬಾಕಿ ಎಂದು ನಾಳೆ ಎದುರಾಳಿ ತಿರುಗಿಬೀಳಬಹುದು. ಪ್ರೊನೋಟಿನಲ್ಲಿ ವಾಪಸು ಕೊಡುವ ಮಾತೇ ಇದೆ. ಬರೆದುಕೊಟ್ಟದ್ದು ರುಜುವಾತಾದರೆ, ಹಣ ಸಂದಿಲ್ಲ ಎಂದು ತೋರಿಸುವ ಹೊಣೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 118ನೇ ಕಲಮಿನಂತೆ ಸಾಲಗಾರನದು.

ಕೊಳ್ಳುವಾಗ ಒಂದು ಸಾಲು ಓದಿ: "ಕೇಳಿದಾಗ, ಇಂಥವರಿಗೆ ಅಥವಾ ಅವರು ಹೇಳಿದವರಿಗೆ ಕೊಡುತ್ತೇನೆ". ಇಂಗ್ಲಿಷ್ ಅಚ್ಚಿನಲ್ಲಾದರೆ "ಆನ್ ಡಿಮಾಂಡ್" ಮತ್ತು "ಆರ್ ಆರ್ಡರ್". "ಬೇರರ್", ಅಂದರೆ ಕಾಗದ ಯಾರ ಕೈಯಲ್ಲಿದೆಯೋ ಅವರಿಗೆ, ಎಂದಿದ್ದರೆ ಆ ಪುಸ್ತಕ ಬೇಡ. ರಿಸರ್ವ್ ಬ್ಯಾಂಕ್ ಕಾಯ್ದೆಯ 31ನೇ ಕಲಮು ಅಂಥ ನೋಟನ್ನು ಖಾಸಗಿಯವರು ಬರೆಯಗೊಡುವುದಿಲ್ಲ.

ಇನ್ನು ಪುಸ್ತಕದ ದೋಷ. ಕೆಲವು ಅಚ್ಚುಗಳಲ್ಲಿ "ಇಂಥ ತಾರೀಖಿನೊಳಗೆ" ಎಂಬ ಖಾಲಿ ಜಾಗ ಬಿಟ್ಟಿರುತ್ತಾರೆ. ಅದನ್ನು ತುಂಬಿದಿರೋ, ಕೆಟ್ಟಿರಿ. ಕೇಳಿದಾಗ ಕೊಡುವ ನೋಟಿಗೆ ಸ್ಟಾಂಪು ಪೈಸೆಗಳ ಲೆಕ್ಕ, ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಧಾರಾಳ. ಗಡುವು ಬರೆದರೆ ಮೊತ್ತಕ್ಕೆ ತಕ್ಕಂತೆ ಸುಂಕ ಏರುತ್ತದೆ. ಬೇರೆ ಕರಾರುಗಳಿಗೆ ಕಡಿಮೆ ಬಿದ್ದ ಸ್ಟಾಂಪನ್ನು ದಂಡ ಕಟ್ಟಿ ಸರಿಮಾಡಬಹುದು. 1899ರ ಸ್ಟಾಂಪು ಕಾಯ್ದೆಯ 35ನೇ ಕಲಮು ಪ್ರೊನೋಟಿಗೆ ಆ ದಾರಿಯನ್ನೂ ಮುಚ್ಚಿದೆ. ಸಹಿಯಾದ ಮೇಲೆ ಸ್ಟಾಂಪು ಅಂಟಿಸಿದರೂ ಪ್ರಯೋಜನವಿಲ್ಲ. ಮೊದಲು ಅಂಟಿಸಿ, ಅರ್ಧ ಸ್ಟಾಂಪಿನ ಮೇಲೂ ಅರ್ಧ ಕಾಗದದ ಮೇಲೂ ಬರುವಂತೆ ಸಹಿ ಹಾಕಿಸಿ.

ಕೆಳಗಿನ ಎರಡು ಸಾಕ್ಷಿ ಗೆರೆಗಳು ಇನ್ನೊಂದು ಬಲೆ. ಪ್ರೊನೋಟಿಗೆ ಸಾಕ್ಷಿ ಬೇಕಾಗಿಯೇ ಇಲ್ಲ. "ಆರ್ ಆರ್ಡರ್" ಬಿಟ್ಟುಹೋಗಿ ಸಾಕ್ಷಿ ಸಹಿ ಬಿದ್ದರೆ ಕಾಗದ "ಬಾಂಡ್" ಎನಿಸಿಕೊಂಡು ಬೇರೆಯೇ ಸುಂಕ ಕೇಳುತ್ತದೆ.

"ನಗದಾಗಿ ಪಡೆದಿದ್ದೇನೆ" ಎಂಬ ಅಚ್ಚನ್ನು ಹೊಡೆದುಹಾಕಿ, ಬ್ಯಾಂಕಿನಲ್ಲಿ ಕಳಿಸಿ, ಆ ಪಾವತಿಗೆ ಬ್ಯಾಂಕು ಕೊಡುವ ಯುಟಿಆರ್ ಸಂಖ್ಯೆ ಬರೆಯಿರಿ. 20,000 ರೂಪಾಯಿ ಮುಟ್ಟಿದ ನಗದು ಸಾಲಕ್ಕೆ ಪಡೆದವನ ಮೇಲೆ ಅಷ್ಟೇ ಮೊತ್ತದ ಆದಾಯ ತೆರಿಗೆ ದಂಡ ಬೀಳಬಹುದು. ನೋಟೇ ಕೋರ್ಟಿನಲ್ಲಿ ಬಿದ್ದುಹೋದರೂ ಬ್ಯಾಂಕ್ ದಾಖಲೆ ಆಸರೆಯಾಗುತ್ತದೆ. ಸಾಲ ಪಡೆಯುವವರು ಇಂಗ್ಲಿಷ್ ಬಾರದವರಾದರೆ, ಓದಿಸಿ ಅರ್ಥಮಾಡಿಕೊಂಡಿದ್ದೇನೆ ಎಂದು ಅವರ ಕೈಯಲ್ಲೇ ಕನ್ನಡದಲ್ಲಿ ಬರೆಸಿ. ಹೊಡೆದ ಕಡೆಯಲ್ಲೆಲ್ಲ ಚುಟುಕು ಸಹಿ ಇರಲಿ.

ಒಂದೇ ಹಳ್ಳಿಯವನಿಗೆ ಒಮ್ಮೆ ಕೊಟ್ಟರೆ ತಂಟೆಯಿಲ್ಲ. ಬಡ್ಡಿಗೆ ಹತ್ತಾರು ಜನಕ್ಕೆ ಕೊಟ್ಟು ಇಡೀ ಪುಸ್ತಕ ಮುಗಿಸುವವರಿಗೆ ಮಹಾರಾಷ್ಟ್ರದ 2014ರ ಲೇವಾದೇವಿ ಕಾಯ್ದೆಯಂತೆ ಲೈಸೆನ್ಸ್ ಬೇಕು. ಇಲ್ಲದಿದ್ದರೆ ಕೋರ್ಟಿನಿಂದ ಡಿಕ್ರಿಯೇ (ಹಣ ಕೊಡಿಸುವ ತೀರ್ಪೇ) ಸಿಗದು.

ದಾವೆ ಹೂಡಲು ಇರುವ ಅವಧಿ ಮೂರು ವರ್ಷ. ಎಣಿಕೆ ಶುರುವಾಗುವುದು ಹಣ ಕೇಳಿದ ದಿನದಿಂದಲ್ಲ, ನೋಟಿನ ತಾರೀಖಿನಿಂದ. ಹಿಂಬದಿಯಲ್ಲಿ "ಹತ್ತು ಸಾವಿರ ಬಂತು" ಎಂದು ನೀವೇ ಗೀಚಿಕೊಂಡರೆ ಅವಧಿ ಬೆಳೆಯದು. ಮೂರು ವರ್ಷ ತುಂಬುವ ಮೊದಲು ಸಾಲಗಾರನೇ ಬರೆಯಬೇಕು, ಇಲ್ಲವೇ ಸಹಿ ಹಾಕಬೇಕು. ಪುಸ್ತಕದ ಕಾರ್ಬನ್ ಪ್ರತಿಯಲ್ಲಿ ಸ್ಟಾಂಪೂ ಇರದು, ಅದರ ಮೇಲಿನ ಸಹಿಯೂ ಇರದು. ಹಾಗಾಗಿ ಅದು ಸಾಲಗಾರನ ಕೈಯಲ್ಲಿರಲಿ, ಅಸಲು ನಿಮ್ಮ ಬಳಿ.