ಎಇಡಿ: ಅಂಗಡಿ ಒಳಗೋ, ಹೊರಗೋಡೆಗೋ?

ಲಯ ತಪ್ಪಿದ ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರವನ್ನು ಬಳ್ಳಾರಿಯ ಬೆಂಗಳೂರು ರಸ್ತೆಯ ಅಂಗಡಿಗೆ ತರುವವರಿಗೆ ಮೊದಲ ಗೊಂದಲ ಜಾಗದ್ದು. ಹೊರಗೋಡೆಯ ಪೆಟ್ಟಿಗೆಯಾದರೆ ಶಟರ್ ಎಳೆದ ಮೇಲೂ ಕೈಗೆ ಸಿಗುತ್ತದೆ. ಆದರೆ ನಮ್ಮೂರ ಬೇಸಿಗೆ 40 ಡಿಗ್ರಿ ದಾಟುತ್ತದೆ, ಬಿಸಿಲಿಗೆ ಕಾದ ಪೆಟ್ಟಿಗೆಯೊಳಗೆ ಇನ್ನೂ ಜಾಸ್ತಿ. ಎದೆಗೆ ಅಂಟಿಸುವ ಪ್ಯಾಡಿನ ಜೆಲ್ ಒಣಗಿದರೆ ಕೆಲಸ ಕೆಟ್ಟಿತು. ಬಿಲ್ಲಿಂಗ್ ಕೌಂಟರ್ ಪಕ್ಕ ನೆರಳು, ಎಲ್ಲರ ಕಣ್ಣಿಗೂ ಬೀಳುತ್ತದೆ. ರಾತ್ರಿ ಮಾತ್ರ ಬೀಗ. ನನ್ನ ಮತ ಕೌಂಟರಿಗೇ. ಮಾಲೀಕರ ಕೋಣೆಯ ಬೀರು ಬೇಡವೇ ಬೇಡ: ಎದೆ ಒತ್ತದೆ, ಶಾಕ್ ಕೊಡದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಸಿಯುತ್ತದೆ. ಕೀಲಿ ಹುಡುಕಲು ಪುರಸೊತ್ತೆಲ್ಲಿ?

ಯಂತ್ರದಲ್ಲೂ ಎರಡು ಬಗೆ. ಒಂದು ತಾನೇ ಶಾಕ್ ಕೊಡುತ್ತದೆ, ಇನ್ನೊಂದು ಗುಂಡಿ ಒತ್ತಲು ಹೇಳುತ್ತದೆ. ಹುಡುಗರಿಗೆ ತರಬೇತಿ ಕೊಡಿಸುವುದಾದರೆ ಗುಂಡಿಯದೇ ಸಾಕು. ಪ್ಯಾಡು, ಬ್ಯಾಟರಿಗೂ ಎಕ್ಸ್‌ಪೈರಿ ಇದೆ. ಅವುಗಳ ದರವನ್ನೂ ಮೊದಲೇ ಕೇಳಿ.