ಅಂಗಡಿಗೆ ಇಂಟರ್ನೆಟ್ ಫೋನ್ ನಂಬರ್ ತಗೊಳ್ಳೋ ಮುಂಚೆ ಇದನ್ನ ಓದಿ

ನಂಬರ್ ಮಾರಿದ ಕಂಪನಿಯ ಹೆಸರಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದೋಕೆ ಪುರುಸೊತ್ತಿಲ್ಲದವರು ಇಷ್ಟು ತಿಳಿದುಕೊಂಡರೂ ಸಾಕು. ದುಡ್ಡು ಕೊಟ್ಟು, ಪಟ್ಟಿಯಿಂದ ಆರಿಸಿ, ಬೋರ್ಡಿಗೆ ಬರೆಸಿ, ಗಿರಾಕಿಗಳ ಮನೆಮನೆಗೆ ಅಂಟಿಸಿದ ನಂಬರ್ ನಿಮ್ಮದಲ್ಲ. ಬಾಡಿಗೆಯದು. ಮಾರುವಾಗ ಈ ಮಾತನ್ನು ನಮಗೆ ಯಾರೂ ಹೇಳಲಿಲ್ಲ.

ದಾವಣಗೆರೆಯಲ್ಲಿ ನಮ್ಮದು ಇನ್ವರ್ಟರ್, ಬ್ಯಾಟರಿ ವ್ಯಾಪಾರ, ಜೊತೆಗೆ ಸರ್ವಿಸ್. ಹರಿಹರದಲ್ಲೂ ಒಂದು ಸಣ್ಣ ಅಂಗಡಿ ಇದೆ. ಮೊದಲೆಲ್ಲ ನನ್ನ ಮೊಬೈಲ್, ತಮ್ಮನ ಮೊಬೈಲ್, ಸರ್ವಿಸ್ ಹುಡುಗರ ಮೊಬೈಲ್ ಎಲ್ಲವೂ ಬೋರ್ಡಿನ ಮೇಲಿದ್ದವು. ಹುಡುಗ ಕೆಲಸ ಬಿಟ್ಟರೆ ಅವನ ಹಿಂದೆ ಗಿರಾಕಿಗಳೂ ಹೋಗುತ್ತಿದ್ದರು. ಬೇಸಿಗೆಯಲ್ಲಿ ಕರೆಂಟ್ ಹೋದರೆ ಸಾಕು, ಎಲ್ಲಾ ಫೋನೂ ಬಿಜಿ. ಅದಕ್ಕೇ ಒಂದೇ ನಂಬರ್ ಇರಲಿ, ದಾವಣಗೆರೆಗೆ ಒಂದು ಒತ್ತಿ, ಹರಿಹರಕ್ಕೆ ಎರಡು ಒತ್ತಿ ಅಂತ ಮಾಡೋಣ ಎಂದು ಹೊರಟೆವು. ಕರೆ ಇಂಟರ್ನೆಟ್ ಫೋನ್ ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿಂದ ನಮ್ಮ ಹುಡುಗರ ಮೊಬೈಲಿಗೆ ಬರುತ್ತದೆ, ರೆಕಾರ್ಡೂ ಆಗುತ್ತದೆ. ಆಲೋಚನೆ ಚೆನ್ನಾಗೇ ಇತ್ತು. ಈಗಲೂ ಚೆನ್ನಾಗೇ ಇದೆ, ಅದು ಬೇರೆ ಮಾತು.

ಬೆಂಗಳೂರಿನ ಒಂದು ಕಂಪನಿ. ಹೆಸರು ಇಲ್ಲಿ ಹಾಕಲ್ಲ, ವಕೀಲರು ಬೇಡ ಅಂದಿದ್ದಾರೆ. ನಮ್ಮ ಊರಿನ 08192 ಕೋಡಿನ ನಂಬರ್ ಕೇಳಿದೆವು. "ಅದು ಸ್ಟಾಕ್ ಇಲ್ಲ ಸರ್, 080 ತಗೊಳ್ಳಿ. ಬೆಂಗಳೂರು ನಂಬರ್ ಅಂದ್ರೆ ಜನಕ್ಕೆ ಮರ್ಯಾದೆ ಜಾಸ್ತಿ" ಅಂದ ಸೇಲ್ಸ್ ಹುಡುಗ. 1800 ಕೊಡಿ ಅಂದರೆ ಅದಕ್ಕೆ ಗಿರಾಕಿಯ ಕರೆಯ ದುಡ್ಡೂ ನಾವೇ ಕಟ್ಟಬೇಕು, ಬೇಡ ಅಂದ. ಅದು ನಿಜ. ಅವನು ಹೇಳಿದ್ದರಲ್ಲಿ ನಿಜ ಅಂದರೆ ಅದೊಂದೇ ಇರಬೇಕು.

ಆಮೇಲೆ ಪಟ್ಟಿ ಕಳಿಸಿದ. "ಪ್ರೀಮಿಯಂ", "ಗೋಲ್ಡ್" ಅಂತ ತಲೆಬರಹ ಬೇರೆ. ನಡುವಿನ ಅಂಕಿಗಳ ಜಾಗದಲ್ಲಿ ನಕ್ಷತ್ರ. ಅಡ್ವಾನ್ಸ್ ಹಾಕಿದ ಮೇಲೆ ಪೂರ್ತಿ ಕಾಣುತ್ತದಂತೆ, ಇಲ್ಲದಿದ್ದರೆ ಬೇರೆ ಯಾರಾದರೂ ಹಾರಿಸಿಕೊಂಡು ಹೋಗ್ತಾರಂತೆ. ಯಾಕೆ ನಕ್ಷತ್ರ ಹಾಕಿದ್ದರು ಅಂತ ಈಗ ಅರ್ಥ ಆಗುತ್ತಿದೆ. ಪೂರ್ತಿ ನಂಬರ್ ಸಿಕ್ಕರೆ ಯಾರಾದರೂ ಒಮ್ಮೆ ಡಯಲ್ ಮಾಡಿ ನೋಡುತ್ತಾರಲ್ಲ!

ಅಡ್ವಾನ್ಸ್ ಹಾಕಿದೆವು. ನಮ್ಮ ಮಾವನವರಿಗೆ ಎಲ್ಲಾ ಕೂಡಿದರೆ ಎಂಟು ಬರಬಾರದು, ಶನಿಯ ಸಂಖ್ಯೆ. ತಮ್ಮನಿಗೆ ಕೊನೆಯಲ್ಲಿ ಜೋಡಿ ಅಂಕಿ ಬೇಕು, ಹೇಳೋಕೆ ಸುಲಭ. ಕೂಡಿಸಿ ಕಳೆದು ಒಂದನ್ನು ಆರಿಸಿದ್ದಾಯ್ತು. ಆ ನಂಬರಿನ ಹಿಂದಿನ ಜನ್ಮ ಮಾತ್ರ ಮಾರಿದವರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

ಬೋರ್ಡ್, ಬಿಲ್ ಪುಸ್ತಕ, ವಾರಂಟಿ ಕಾರ್ಡ್ ಎಲ್ಲಾ ಹೊಸದಾಗಿ ಮಾಡಿಸಿದೆವು. ಎಲ್ಲಕ್ಕಿಂತ ಮುಖ್ಯ, ಇನ್ವರ್ಟರಿನ ಪಕ್ಕಕ್ಕೆ ಅಂಟಿಸುವ ಹಳದಿ ಸ್ಟಿಕ್ಕರ್. ನೀರು ಬಿದ್ದರೂ ಕಿತ್ತು ಬರಬಾರದು ಅಂತ ಒಳ್ಳೇ ಗಮ್ಮಿನದು ಮಾಡಿಸಿದ್ದೆ. ಈಗ ಅದೇ ತಲೆನೋವು.

ಮೊದಲ ತೊಂದರೆ ಹೊರಗೆ ಮಾಡುವ ಕರೆಯಲ್ಲಿ ಶುರುವಾಯಿತು. ನಮ್ಮ ಕಡೆ 080 ಆದಮೇಲೆ 4 ಅಥವಾ 6 ಬಂದರೆ ಸಾಲದವರು, ಕ್ರೆಡಿಟ್ ಕಾರ್ಡಿನವರು ಅಂತಲೇ ಲೆಕ್ಕ. ಯಾರೂ ಎತ್ತಲ್ಲ. ಒಂದು ದಿನ ಸರ್ವಿಸ್ ಹುಡುಗ ಗಿರಾಕಿಯ ಮನೆ ಗೇಟಿನ ಮುಂದೆ ಬ್ಯಾಟರಿ ಇಳಿಸಿಕೊಂಡು ನಿಂತಿದ್ದಾನೆ. ಆ ಕಂಪನಿಯ ಆ್ಯಪ್‌ನಿಂದ ಕರೆ ಮಾಡುತ್ತಿದ್ದಾನೆ. ಒಳಗೆ ಫೋನ್ ರಿಂಗ್ ಆಗೋದು ಅವನಿಗೇ ಕೇಳಿಸುತ್ತಿದೆ. ಕಟ್. ಮತ್ತೆ ಮಾಡಿದ. ಕಟ್. ಕೊನೆಗೆ ಗೇಟ್ ಬಡಿದು ಒಳಗೆ ಹೋದರೆ ಆ ಯಜಮಾನರು ಫೋನ್ ತೋರಿಸಿದರಂತೆ. ಟ್ರೂಕಾಲರ್‌ನಲ್ಲಿ ಕೆಂಪು ಬಣ್ಣ, ಮೇಲೆ "ಲೋನ್ ರಿಕವರಿ" ಅಂತ ಹೆಸರು. ಕೆಳಗೆ ನಮ್ಮ ನಂಬರ್. ನಮ್ಮ ಬೋರ್ಡಿನ ನಂಬರ್!

ಆಮೇಲೆ ಒಳಗೆ ಬರುವ ಕರೆಗಳು. ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದಂತೆ ಯಾರೋ ಫೋನ್ ಮಾಡಿ ಬಾಯಿಗೆ ಬಂದಂತೆ ಬೈಯುವುದು. "ನನ್ನ ನೆಂಟರಿಗೆಲ್ಲ ಯಾಕೋ ಫೋನ್ ಮಾಡ್ತೀಯ, ನಿನ್ನ ಕಂತು ಕಟ್ಟಿ ಆಯ್ತಲ್ಲ" ಅಂತ. ಕನ್ನಡದಲ್ಲಿ, ತೆಲುಗಿನಲ್ಲಿ, ಹಿಂದಿಯಲ್ಲಿ. ನಮ್ಮ ಕೌಂಟರಿನ ಹುಡುಗಿ ಒಂದು ದಿನ ಅತ್ತೇಬಿಟ್ಟಳು, "ಅಣ್ಣಾ, ನಾನು ಆ ಫೋನ್ ಎತ್ತಲ್ಲ" ಅಂದಳು. ಅವಳ ಮುಂದೆ ನನಗೆ ಮುಖ ಎತ್ತೋಕೆ ಆಗಲಿಲ್ಲ. ಇನ್ನೊಂದು ವಿಷಯ. ಈ ವ್ಯವಸ್ಥೆಯಲ್ಲಿ ಒಳಗೆ ಬಂದ ಕರೆ ನಮ್ಮ ಮೊಬೈಲಿಗೆ ತಿರುಗಿದ್ದಕ್ಕೂ ನಿಮಿಷದ ಲೆಕ್ಕದಲ್ಲಿ ನಮ್ಮ ಬ್ಯಾಲೆನ್ಸ್ ಕಟ್ ಆಗುತ್ತದೆ. ಅಂದರೆ ಬೈಸಿಕೊಂಡಿದ್ದಕ್ಕೂ ನಾವೇ ದುಡ್ಡು ಕಟ್ಟಿದೆವು. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ.

ಕಂಪನಿಗೆ ಕೇಳಿದರೆ ಬಂದ ಉತ್ತರಗಳನ್ನು ಹಾಗೇ ಹೇಳುತ್ತೇನೆ. "ಸರ್, ಟಿಕೆಟ್ ರೈಸ್ ಆಗಿದೆ." "ಸರ್, ಟ್ರೂಕಾಲರ್ ನಮ್ಮ ಕೈಲಿಲ್ಲ." "ಸರ್, ನಂಬರ್ ಫ್ರೆಶ್ ಇದೆ ಅಂತ ನಾವು ಎಲ್ಲಿ ಹೇಳಿದ್ವಿ?" ಹಿಂದೆ ಯಾರ ಹತ್ತಿರ ಇತ್ತು, ಅವರು ಬಿಟ್ಟು ಎಷ್ಟು ದಿನ ಆಗಿತ್ತು ಅಂತ ಕೇಳಿದೆ. "ಅದು ಕಾನ್ಫಿಡೆನ್ಷಿಯಲ್ ಸರ್." ಬಂದಾದ ಮೊಬೈಲ್ ನಂಬರನ್ನು 90 ದಿನ ಬೇರೆಯವರಿಗೆ ಕೊಡುವಂತಿಲ್ಲ ಅಂತ ನಿಯಮ ಇದೆ ಅಲ್ವಾ, ಇದಕ್ಕೆ ಅಂಥದ್ದು ಏನಿದೆ ಅಂದೆ. ಉತ್ತರವೇ ಇಲ್ಲ. ಎರಡು ನೀಲಿ ಗೀಟು ಮಾತ್ರ.

ವಾಟ್ಸ್ಆ್ಯಪ್ ಬಿಸಿನೆಸ್ ಹಾಕೋಣ ಅಂದರೆ ಅದೂ ಕೈಕೊಟ್ಟಿತು. ಇಂಥ ನಂಬರಿಗೆ ಒಟಿಪಿ ಮೆಸೇಜ್ ಬರಲ್ಲ, ಕರೆಯಲ್ಲಿ ಹೇಳುತ್ತದೆ. ಆ ಕರೆಯನ್ನು ಎತ್ತಿದ್ದು "ದಾವಣಗೆರೆಗೆ ಒಂದು ಒತ್ತಿ" ಅನ್ನೋ ನಮ್ಮದೇ ರೆಕಾರ್ಡಿಂಗ್. ಯಂತ್ರಕ್ಕೆ ಯಂತ್ರ ಒಟಿಪಿ ಹೇಳಿತು. ಸುಮ್ನೆ ನಕ್ಕುಬಿಟ್ಟೆವು, ಇನ್ನೇನು ಮಾಡೋದು.

ಹೆಂಗೋ ತಳ್ಳಿಕೊಂಡು ಹೋದೆವು. ಬೈಯುವ ಕರೆಗಳು ನಿಧಾನಕ್ಕೆ ಕಮ್ಮಿ ಆದವು. ಗಿರಾಕಿಗಳಿಗೂ ನಂಬರ್ ಬಾಯಿಗೆ ಬಂತು. ಮಂಡಿಪೇಟೆಯ ಅಂಗಡಿಯವರೂ ಅದಕ್ಕೇ ಮಾಡೋಕೆ ಶುರು ಮಾಡಿದರು. ಸರಿಯಾಗಿ ಆಗ ಬಂತು ಎರಡನೇ ವರ್ಷದ ಬಿಲ್. ಪ್ಲಾನಿನ ದುಡ್ಡು ಬೇರೆ, "ಪ್ರೀಮಿಯಂ ನಂಬರ್ ರೆಂಟಲ್" ಬೇರೆ. ಮೊದಲ ವರ್ಷ ಅದು ಆಫರ್‌ನಲ್ಲಿ ಸೇರಿತ್ತಂತೆ. ಬಾಡಿಗೆ ಪ್ಲಾನಿಗಿಂತ ಜಾಸ್ತಿ!

ಹಾಗಾದರೆ ಪೋರ್ಟ್ ಮಾಡಿಕೊಡಿ, ಇದೇ ನಂಬರ್ ಇಟ್ಟುಕೊಂಡು ಬೇರೆ ಕಂಪನಿಗೆ ಹೋಗ್ತೀವಿ ಅಂದೆ. ಮಾರುವಾಗ ಇದೇ ಹುಡುಗ ಫೋನಿನಲ್ಲಿ "ಪೋರ್ಟ್ ಎಲ್ಲಾ ಆಗುತ್ತೆ ಸರ್" ಅಂದಿದ್ದ. ಈಗ ಅವನ ಮ್ಯಾನೇಜರ್ ಲೈನಿಗೆ ಬಂದು ಹೇಳಿದ್ದು: "ಸರ್, ನಂಬರ್ ನಮ್ಮ ಹೆಸರಲ್ಲಿದೆ. ನೂರು ನಂಬರಿನ ಸೀರೀಸ್ ನಮ್ಮ ಲೈನಿನ ಮೇಲಿದೆ, ಅದರಲ್ಲಿ ಒಂದನ್ನು ಕಿತ್ತು ಕೊಡೋಕಾಗಲ್ಲ. ನೀವು ಟೆನೆಂಟ್ ಅಷ್ಟೇ."

ಟೆನೆಂಟ್. ಅಂದರೆ ಬಾಡಿಗೆದಾರ. ನಮ್ಮ ಆಧಾರ್, ಜಿಎಸ್‌ಟಿ ಸರ್ಟಿಫಿಕೇಟ್, ಅಂಗಡಿ ಲೈಸೆನ್ಸ್ ಎಲ್ಲಾ ತಗೊಂಡಿದ್ದರು. ಅವೆಲ್ಲ ಯಾಕೆ ಹಾಗಾದರೆ ಅಂದೆ. "ಅದು ಕೆವೈಸಿಗೆ ಸರ್." ನಂಬರ್ ನಮ್ಮ ಹೆಸರಿಗೆ ಆಗೋಕೆ ತಗೊಂಡಿದ್ದಾರೆ ಅಂತಲೇ ನಾವೆಲ್ಲ ತಿಳಿದಿದ್ದು. ತಮ್ಮ ಪಕ್ಕದಲ್ಲೇ ಕೂತಿದ್ದ, ಸ್ಪೀಕರ್ ಹಾಕಿದ್ದೆ, ಹುಡುಗರೆಲ್ಲ ಕೇಳಿಸಿಕೊಂಡರು. ಆ ಹೊತ್ತು ಮೈಯೆಲ್ಲ ಉರಿದುಹೋಯಿತು.

ಮೊಬೈಲ್ ನಂಬರಿಗೆ 2011ರಿಂದ ದೇಶದಲ್ಲೆಲ್ಲ ಪೋರ್ಟ್ ಇದೆ. 1900ಕ್ಕೆ ಮೆಸೇಜ್ ಹಾಕಿದರೆ ಕೋಡ್ ಬರುತ್ತದೆ, ಕಂಪನಿ ಬದಲಾದರೂ ನಂಬರ್ ಉಳಿಯುತ್ತದೆ. ಲ್ಯಾಂಡ್‌ಲೈನ್ ತರಹದ ಈ 080 ನಂಬರಿಗೆ ಆ ಸೌಲಭ್ಯವೇ ಇಲ್ಲ. ಅದು ಅವನಿಗೆ ಗೊತ್ತಿಲ್ಲದೆ "ಆಗುತ್ತೆ ಸರ್" ಅಂದನಾ? ಗೊತ್ತಿದ್ದೇ ಅಂದಿದ್ದು. ಗ್ರಾಹಕರ ಕೋರ್ಟಿಗೆ ಹೋಗ್ತೀನಿ ಅಂದಿದ್ದಕ್ಕೆ "ನೀವು ವ್ಯಾಪಾರಕ್ಕೆ ತಗೊಂಡಿದ್ದು ಸರ್, ಗ್ರಾಹಕರು ಅಲ್ಲ" ಅಂತ ಮ್ಯಾನೇಜರ್ ನನಗೇ ಕಾನೂನು ಹೇಳಿದ. ವಕೀಲರೂ ಅದು ಅಷ್ಟು ಸುಲಭ ಇಲ್ಲ ಅಂತಿದ್ದಾರೆ. ಬಾಡಿಗೆ ಕಟ್ಟಲಿಲ್ಲ. ಲೈನ್ ಬಂದ್ ಮಾಡಿದರು. ಈಗ ನಮ್ಮ ಹಳೇ ಗಿರಾಕಿಗಳ ಇನ್ವರ್ಟರಿನ ಮೇಲೆ ಸತ್ತ ನಂಬರ್ ಅಂಟಿಕೊಂಡಿದೆ. ನಾಳೆ ಅದನ್ನು ಇನ್ನೊಬ್ಬರಿಗೆ ಮಾರುತ್ತಾರೆ. ನಮ್ಮ ಗಿರಾಕಿಗಳು ಅವರಿಗೆ ಫೋನ್ ಮಾಡಿ ಬ್ಯಾಟರಿ ಬರಲಿಲ್ಲ ಅಂತ ಬೈಯುತ್ತಾರೆ.

ತಗೊಳ್ಳೋರಿಗೆ ಇಷ್ಟೇ. ನಕ್ಷತ್ರ ಹಾಕಿದ ಪಟ್ಟಿಗೆ ಒಂದು ರೂಪಾಯಿ ಅಡ್ವಾನ್ಸೂ ಹಾಕಬೇಡಿ. ಪೂರ್ತಿ ನಂಬರ್ ಇಸಕೊಂಡು ಟ್ರೂಕಾಲರ್‌ನಲ್ಲಿ ಹಾಕಿ ನೋಡಿ, ವಾಟ್ಸ್ಆ್ಯಪ್‌ನಲ್ಲಿ ಯಾರದಾದರೂ ಫೋಟೋ ಬರುತ್ತಾ ನೋಡಿ, ಒಮ್ಮೆ ಫೋನೂ ಮಾಡಿ. ನಂಬರ್ ಯಾರ ಹೆಸರಲ್ಲಿರುತ್ತದೆ, ಎರಡನೇ ವರ್ಷ ಎಷ್ಟು ಅಂತ ಈಮೇಲ್‌ನಲ್ಲಿ ಬರೆಸಿಕೊಳ್ಳಿ, ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ನಾವು ಈಗ ಮಾಡಿರೋದು ಇಷ್ಟು: ನಮ್ಮದೇ ಹೆಸರಲ್ಲಿ ಒಂದು ಮೊಬೈಲ್ ನಂಬರ್ ತಗೊಂಡು ಬೋರ್ಡಿಗೆ ಅದನ್ನೇ ಹಾಕಿದ್ದೇವೆ. ಅದರ ಹಿಂದೆ ಯಾವ ಇಂಟರ್ನೆಟ್ ಫೋನ್ ಕಂಪನಿಯಾದರೂ ಇರಲಿ, ಆ ನಂಬರಿನಿಂದ ಕರೆ ಅವರಿಗೆ ಫಾರ್ವರ್ಡ್ ಆಗುತ್ತದೆ. ಅವರು ತಲೆ ತಿರುಗಿ ಮಾತಾಡಿದರೆ ಫಾರ್ವರ್ಡ್ ತೆಗೆದು ಇನ್ನೊಬ್ಬರಿಗೆ ಹಾಕುತ್ತೇವೆ.

ಇದೇ ತರಹ "ಟೆನೆಂಟ್" ಅನ್ನಿಸಿಕೊಂಡವರು ಬೇರೆ ಯಾರಾದರೂ ಇದ್ದರೆ ನಿಮ್ಮ ಮೊದಲ ವರ್ಷದ ಬಿಲ್, ಎರಡನೇ ವರ್ಷದ ಬಿಲ್ ಎರಡನ್ನೂ ಜೋಪಾನವಾಗಿ ಇಟ್ಟುಕೊಂಡು ನನಗೆ ತಿಳಿಸಿ. ವಕೀಲರು ನಾಲ್ಕು ಜನ ಸೇರಿದರೆ ನೋಟಿಸ್‌ಗೆ ತೂಕ ಬರುತ್ತದೆ ಅಂದಿದ್ದಾರೆ.