ಹಾಡುವ ಡೈನರ್, ಕುಣಿಯುವ ಡೈನರ್, ಸುಮ್ಮನೆ ಬೇಯಿಸುವ ಡೈನರ್

ಊರಿಂದ ಬಂದ ನೆಂಟರಿಗೆ ಅಮೆರಿಕದ ಡೈನರ್ (ಕೌಂಟರಿನಲ್ಲಿ ಕೂತು ತಿನ್ನುವ ಸಾದಾ ಹೋಟೆಲು) ತೋರಿಸಬೇಕೆಂದರೆ ನ್ಯೂಜೆರ್ಸಿಯಲ್ಲಿರುವ ನಮಗೆ ಆಯ್ಕೆಗೆ ಬರವಿಲ್ಲ. ತೊಡಕು ಶುರುವಾಗುವುದೂ ಅಲ್ಲೇ. ಕೆಂಪು ಸೀಟು, ಕಪ್ಪು-ಬಿಳಿ ಚೌಕುಳಿ ನೆಲ, ನಿಯಾನ್ ದೀಪ, ಮೂಲೆಯಲ್ಲೊಂದು ಜೂಕ್‌ಬಾಕ್ಸ್ (ಕಾಸು ಹಾಕಿದರೆ ಹಾಡುವ ಪೆಟ್ಟಿಗೆ) ಇದ್ದರೆ ಯಾವ ಜಾಗವೂ 1950ರ ದಶಕದ ಹಾಗೇ ಕಾಣುತ್ತದೆ. ಆದರೆ ಆ ದಶಕವನ್ನು ಎಂಬತ್ತರ ದಶಕದಲ್ಲಿ ನೆನಪಿನಿಂದ ಕಟ್ಟಿದ ಜಾಗ ಬೇರೆ, ಆ ದಶಕವನ್ನು ಹಾದು ಬಂದ ಜಾಗ ಬೇರೆ. ನಾನು ಎರಡೂ ಕಡೆ ತಿಂದಿದ್ದೇನೆ. ಮೊಟ್ಟೆ ತಿನ್ನುತ್ತೇನೆ, ಮಾಂಸ ಮುಟ್ಟುವುದಿಲ್ಲ. ಮುಂದಿನ ಮಾತುಗಳನ್ನು ಅದನ್ನು ಗಮನದಲ್ಲಿಟ್ಟು ಓದಿ.

ಹಾಡುವ ಡೈನರ್ ಎಂದರೆ ಮ್ಯಾನ್‌ಹಟನ್ನಿನ ಎಲೆನ್ಸ್ ಸ್ಟಾರ್‌ಡಸ್ಟ್. ಬ್ರಾಡ್‌ವೇಗೆ 51ನೇ ಬೀದಿ ಸೇರುವಲ್ಲಿದೆ, 1987ರಲ್ಲಿ ಶುರುವಾದದ್ದು. ಇಲ್ಲಿ ಬಡಿಸುವವರೇ ಮೈಕ್ ಹಿಡಿದು ಹಾಡುತ್ತಾರೆ. ಸುತ್ತಲಿನ ರಂಗಮಂದಿರಗಳಲ್ಲಿ ಪಾತ್ರ ಸಿಗಲೆಂದು ಕಾಯುತ್ತಿರುವ ಹುಡುಗ ಹುಡುಗಿಯರು ಇವರಲ್ಲಿ ಬಹಳ. ಒಂದು ಕೈಯಲ್ಲಿ ಪ್ಯಾನ್‌ಕೇಕಿನ ತಟ್ಟೆ, ಇನ್ನೊಂದರಲ್ಲಿ ಮೈಕ್, ಮೇಲಿನ ಸ್ಥಾಯಿಯಲ್ಲಿ ಒಂದಿಷ್ಟೂ ಅಲುಗದ ದನಿ. ದುಡ್ಡು ಕೊಟ್ಟು ನಾಟಕ ನೋಡಿದಾಗಲೂ ಅಂಥ ದನಿ ಯಾವಾಗಲೂ ಸಿಕ್ಕಿಲ್ಲ ನನಗೆ. ಸ್ಥಾಪಿಸಿದ ಎಲೆನ್ ಹಾರ್ಟ್ ಸ್ಟರ್ಮ್ ಸ್ವತಃ ಒಂದು ಕಾಲದ 'ಮಿಸ್ ಸಬ್‌ವೇಸ್'. 1941ರಿಂದ 1976ರವರೆಗೆ ನ್ಯೂಯಾರ್ಕಿನ ಮೆಟ್ರೋ ರೈಲುಗಳಲ್ಲಿ ಊರಿನ ಹುಡುಗಿಯರ ಚಿತ್ರ ಅಂಟಿಸಿ ನಡೆಸುತ್ತಿದ್ದ ಸ್ಪರ್ಧೆ ಅದು. ಆ ಪೋಸ್ಟರುಗಳು ಇಲ್ಲಿನ ಗೋಡೆಯ ಮೇಲಿವೆ, ಬಿಡುವು ಮಾಡಿಕೊಂಡು ನೋಡಿ. ಊಟ ಮಾತ್ರ ಇಲ್ಲಿ ಎರಡನೆಯ ಮಾತು, ಬೆಲೆ ಟೈಮ್ಸ್ ಸ್ಕ್ವೇರಿನದು, ಮೇಜಿನಾಚೆ ಕೂತವರ ಜೊತೆ ಹರಟೆ ಆಗದು. ಹಾಡು ಕೇಳಲು ಹೋಗಿ.

ಕುಣಿಯುವ ಡೈನರ್ ಜಾನಿ ರಾಕೆಟ್ಸ್. ಗಂಡಸರ ಉಡುಪಿನ ವ್ಯಾಪಾರದಲ್ಲಿದ್ದ ರಾನ್ ಟೈಟಲ್‌ಬಾಮ್ 1986ರಲ್ಲಿ ಲಾಸ್ ಏಂಜಲೀಸಿನ ಮೆಲ್ರೋಸ್ ಅವೆನ್ಯೂದಲ್ಲಿ ಒಂದು ಸಣ್ಣ ಕೌಂಟರ್ ತೆರೆದ. ಅದೇ ಆಮೇಲೆ ಮಾಲು-ಮಾಲಿಗೆ ಹಬ್ಬಿತು. ಕಾಗದದ ತಟ್ಟೆಯಲ್ಲಿ ಕೆಚಪ್ಪಿನಿಂದ ನಗುಮುಖ ಬರೆದುಕೊಡುವುದು, ಹಾಡು ಬಂದಾಗ ಕೆಲಸದವರು ಸಾಲಾಗಿ ಹೆಜ್ಜೆ ಹಾಕುವುದು ಇವರ ಗುರುತು. ಮಕ್ಕಳು ಕುಣಿದು ಕುಪ್ಪಳಿಸುತ್ತಾರೆ. ಬರ್ಗರಿನ ಬಗ್ಗೆ ಹೇಳಲು ನನಗೆ ಹೆಚ್ಚೇನಿಲ್ಲ.

ಹೇಳಬೇಕಾದದ್ದು ಮಾಲ್ಟಿನ ಬಗ್ಗೆ. ಡೈನರುಗಳಲ್ಲಿ ಮಿಲ್ಕ್‌ಶೇಕಿಗೆ ಮಾಲ್ಟ್ ಪುಡಿ ಹಾಕಿಸಿಕೊಳ್ಳಬಹುದು. ಆ ಪುಡಿಯನ್ನು ಮೊದಲು ಮಾಡಿದವರು ವಿಸ್ಕಾನ್ಸಿನ್ ರಾಜ್ಯದ ರಸೀನ್ ಊರಿನಲ್ಲಿದ್ದ ಹಾರ್ಲಿಕ್ ಅಣ್ಣತಮ್ಮಂದಿರು, 1880ರ ದಶಕದಲ್ಲಿ. ಹೌದು, ಜ್ವರ ಬಿಟ್ಟ ಮೇಲೆ ಅಮ್ಮ ಬಿಸಿ ಹಾಲಿಗೆ ಕಲಸಿ ಕೊಡುತ್ತಿದ್ದ ಅದೇ ಹಾರ್ಲಿಕ್ಸ್. 1922ರಲ್ಲಿ ಶಿಕಾಗೋದ ವಾಲ್‌ಗ್ರೀನ್ಸ್ ಅಂಗಡಿಯ ಸೋಡಾ ಕೌಂಟರಿನಲ್ಲಿ ಅದಕ್ಕೆ ಐಸ್‌ಕ್ರೀಮ್ ಬೆರೆಸಿದ ಮೇಲೆ ಇಡೀ ದೇಶದ ನಾಲಿಗೆಗೆ ಹತ್ತಿತು. ನೆಂಟರಿಗೆ ಇದನ್ನು ಹೇಳಿಯೇ ಕುಡಿಸಿ. ಒಂದೇ ಗುಟುಕಿಗೆ ರುಚಿ ಗುರುತು ಹಿಡಿಯುತ್ತಾರೆ, ಮುಖ ಅರಳುತ್ತದೆ. ಗ್ಲಾಸಿನಲ್ಲಿ ಹಿಡಿಸದೆ ಉಳಿದದ್ದನ್ನು ಸ್ಟೀಲ್ ಲೋಟದ ಸಮೇತ ಪಕ್ಕಕ್ಕೆ ಇಟ್ಟು ಹೋಗುವ ಪದ್ಧತಿಯೂ ನನಗೆ ಬಹಳ ಇಷ್ಟ.

ಮೂರನೆಯದು ಸಮ್ಮಿಟ್ ಡೈನರ್. ನ್ಯೂಜೆರ್ಸಿಯ ಸಮ್ಮಿಟ್ ಊರಿನ ರೈಲು ನಿಲ್ದಾಣದ ಬಳಿ ಇದೆ. 1939ರ ಡಬ್ಬಿ ಇದು. ಹತ್ತಿರದ ಎಲಿಜಬೆತ್ ಊರಿನ ಜೆರ್ರಿ ಓಮಾಹನಿ ಕಂಪನಿಯ ಕಾರ್ಖಾನೆಯಲ್ಲಿ ತಯಾರಾದದ್ದು. ಹಳೆಯ ರೈಲು ಬೋಗಿಗಳನ್ನೇ ಡೈನರ್ ಮಾಡಿದ್ದಾರೆಂದು ಬಹಳ ಜನ ನಂಬಿದ್ದಾರೆ. ಹೆಚ್ಚಿನವು ಹಾಗಲ್ಲ. 1872ರಲ್ಲಿ ರೋಡ್ ಐಲೆಂಡಿನ ಪ್ರಾವಿಡೆನ್ಸಿನಲ್ಲಿ ವಾಲ್ಟರ್ ಸ್ಕಾಟ್ ಎಂಬಾತ ಕುದುರೆ ಗಾಡಿಯಲ್ಲಿ ರಾತ್ರಿಪಾಳಿಯವರಿಗೆ ತಿಂಡಿ ಮಾರಲು ತೊಡಗಿದ. ಆ ಗಾಡಿಗಳೇ ದೊಡ್ಡದಾಗುತ್ತಾ, ಕೊನೆಗೆ ಕಾರ್ಖಾನೆಯಲ್ಲಿ ಪೂರ್ತಿ ಕಟ್ಟಿ ಸಾಗಿಸುವ ಹೋಟೆಲುಗಳಾದವು. ರಸ್ತೆಯಲ್ಲೋ ರೈಲಿನಲ್ಲೋ ಸಾಗಬೇಕಾದ್ದರಿಂದ ಅಗಲ ಕಡಿಮೆ. ಅಗಲ ಕಡಿಮೆಯಾದ್ದರಿಂದ ಉದ್ದಕ್ಕೂ ಒಂದು ಕೌಂಟರ್, ಅದರ ಹಿಂದೆಯೇ ಒಲೆ, ಕೈಚಾಚಿದರೆ ಸಿಗುವಷ್ಟು ಹತ್ತಿರ ಅಡುಗೆಯವನು. ಡೈನರಿನ ಜೀವಾಳ ಈ ಇಕ್ಕಟ್ಟು. ಹಳೆಯ ಕಾಲದ ವೇಷ ತೊಟ್ಟ, ಜಾಗ ಧಾರಾಳವಾಗಿರುವ ರೆಟ್ರೋ ಡೈನರುಗಳಲ್ಲಿ ನಿಯಾನ್ ಬಂದಿದೆ, ಇಕ್ಕಟ್ಟು ಬಂದಿಲ್ಲ; ಒಲೆ ಗೋಡೆಯ ಹಿಂದೆ ಹೋಗಿದೆ.

ಸಸ್ಯಾಹಾರಿಗೆ ಇದು ಬರೀ ಅಂದಚೆಂದದ ಮಾತಲ್ಲ. ಹೆದ್ದಾರಿ ಪಕ್ಕದ ಒಂದು ಥಳಥಳ ಹೊಳೆಯುವ ರೆಟ್ರೋ ಜಾಗದಲ್ಲಿ (ಹೆಸರು ಬೇಡ) ಆಲೂಗೆಡ್ಡೆ ಕರಿದ ಎಣ್ಣೆಯಲ್ಲೇ ಕೋಳಿಯನ್ನೂ ಕರಿಯುತ್ತೀರಾ ಎಂದು ಕೇಳಿದೆ. ಬಡಿಸುವ ಹುಡುಗಿಗೆ ಗೊತ್ತಿರಲಿಲ್ಲ, ಒಳಗೆ ಹೋಗಿ ಬಂದ ಮೇಲೂ ಗೊತ್ತಾಗಲಿಲ್ಲ. ಮೇಜಿನ ಮೇಲಿನ ಪುಟ್ಟ ಜೂಕ್‌ಬಾಕ್ಸಿಗೆ ವೈರೇ ಇರಲಿಲ್ಲ. ಸಮ್ಮಿಟ್ಟಿನಲ್ಲಿ ಕೇಳುವ ಅಗತ್ಯವೇ ಇಲ್ಲ, ಕಣ್ಣೆದುರಿಗೇ ಎಲ್ಲ ನಡೆಯುತ್ತದೆ. ಬೇಕನ್ ಎಂಬ ಹಂದಿಮಾಂಸ ಎಲ್ಲಿ ಬೇಯುತ್ತಿದೆ, ನನ್ನ ಮೊಟ್ಟೆ ಎಲ್ಲಿ ಬೀಳುತ್ತಿದೆ, ಹೋಮ್ ಫ್ರೈಸ್ ಎಂಬ ಹೆಚ್ಚಿದ ಆಲೂಗೆಡ್ಡೆ ಯಾವ ಕೊಬ್ಬಿನಲ್ಲಿ ಕೆಂಪಾಗುತ್ತಿದೆ, ಎಲ್ಲವೂ ಕಾಣುತ್ತದೆ. ಕಂಡದ್ದು ಯಾವಾಗಲೂ ಸಮಾಧಾನ ಕೊಡುವುದಿಲ್ಲ: ಕಬ್ಬಿಣದ ತವಾ ಒಂದೇ, ಹಂದಿಯ ಕೊಬ್ಬು ಹರಿದಾಡುತ್ತದೆ. ಮಡಿ ಕಟ್ಟುನಿಟ್ಟಾದವರು ಇಲ್ಲಿ ಟೋಸ್ಟು, ಕಾಫಿಗೆ ಒಪ್ಪಿಕೊಳ್ಳಬೇಕು. ಅಂಥವರನ್ನು ನಾನು ಕ್ಲಿಫ್ಟನ್ನಿನ ಟಿಕ್ ಟಾಕ್ ಡೈನರಿಗೆ ಕರೆದೊಯ್ಯುತ್ತೇನೆ. 1948ರಿಂದ ಇರುವ ಹೆಸರು, 'ಈಟ್ ಹೆವಿ' ಎಂಬ ಬೋರ್ಡು, ಪುಸ್ತಕದಷ್ಟು ದಪ್ಪ ಮೆನು. ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ.

ಸಮ್ಮಿಟ್ಟಿನಲ್ಲಿ ಹಾಡಿಲ್ಲ, ಕುಣಿತವಿಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನವೂ ಇದೂ ಹೆಚ್ಚುಕಡಿಮೆ ಓರಗೆಯವು. ಎರಡೂ ಕಡೆ ಯಾರೂ ಹಳೆಯ ಕಾಲವನ್ನು ನಟಿಸುವುದಿಲ್ಲ, ತಮ್ಮ ಕೆಲಸ ತಾವು ಮಾಡುತ್ತಾರೆ. ಕಪ್ಪು ಬರಿದಾಗುವ ಮೊದಲೇ ಕಾಫಿ ತುಂಬಿಸುತ್ತಾರೆ. ಮಾಂಸ ತಿನ್ನುವ ಸ್ನೇಹಿತರು ಇಲ್ಲಿನ 'ಸ್ಲೈಡರ್'ಗೆ ಪ್ರಾಣ ಬಿಡುತ್ತಾರೆ: ಟೇಲರ್ ಹ್ಯಾಮ್ ಎಂಬ ಹಂದಿಮಾಂಸ, ಮೊಟ್ಟೆ, ಚೀಸು ಸೇರಿದ ಬನ್ನು.

ರೆಟ್ರೋ ಡೈನರುಗಳ ಬಗ್ಗೆ ನನ್ನ ಮನಸ್ಸಿನಲ್ಲಿ ಉಳಿದಿರುವ ತಕರಾರು ಊಟದ್ದಲ್ಲ. ಅವು ತೋರಿಸುವ ಐವತ್ತರ ದಶಕದಲ್ಲಿ ಎಲ್ಲರೂ ನಗುತ್ತಿರುತ್ತಾರೆ. ನಿಜವಾದ ಐವತ್ತರ ದಶಕದಲ್ಲಿ ಭಾರತದಿಂದ ವರ್ಷಕ್ಕೆ ಸುಮಾರು 100 ಜನರಿಗಷ್ಟೇ ಇಲ್ಲಿ ನೆಲೆಸಲು ಅವಕಾಶವಿತ್ತು. 1965ರ ವಲಸೆ ಕಾನೂನು ಬಂದ ಮೇಲೆಯೇ ನಮ್ಮವರಿಗೆ ಬಾಗಿಲು ತೆರೆದದ್ದು. 1960ರ ಫೆಬ್ರವರಿ 1ರಂದು ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೋ ಊರಿನ ವುಲ್ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಕೂತು ಕಾಫಿ ಕೇಳಿದರು, ಕೊಡಲಿಲ್ಲ, ಅವರು ಏಳಲೂ ಇಲ್ಲ. ಆ ಕೌಂಟರಿನ ಒಂದು ಭಾಗ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ತಿರುಗುವ ಸ್ಟೂಲಿನ ಮೇಲೆ ಕೂತು ಹಾರ್ಲಿಕ್ಸ್ ರುಚಿ ಸವಿಯುವ ನಮ್ಮ ಮಕ್ಕಳಿಗೆ ಇದನ್ನೂ ಹೇಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಹಾಗಾಗಿ ಮಕ್ಕಳೂ ಮೊದಲ ಸಲ ಬಂದವರೂ ಇದ್ದರೆ ಎಲೆನ್ಸ್‌ಗೆ ಹೋಗಿ, ಆದಷ್ಟು ವಾರದ ದಿನ, ಬೆಳಗಿನ ಹೊತ್ತು. ಮಾಲಿನಲ್ಲಿ ಸುತ್ತಿ ದಣಿದಿದ್ದರೆ ಜಾನಿ ರಾಕೆಟ್ಸ್‌ನ ಶೇಕ್ ಸಾಕು. ಅಮೆರಿಕದವರು ನಿಜವಾಗಿ ಹೇಗೆ ತಿಂಡಿ ತಿನ್ನುತ್ತಾರೆ ಎಂದು ಯಾರಾದರೂ ಕೇಳಿದರೆ, ರೈಲಿನಲ್ಲೇ ಸಮ್ಮಿಟ್ಟಿಗೆ ಹೋಗಿ. ಎದುರುಬದುರು ಸೀಟಿನ ಬೂತ್ ಖಾಲಿ ಇದ್ದರೂ ಕೌಂಟರಿನಲ್ಲೇ ಕೂತುಕೊಳ್ಳಿ, ಒಲೆಗೆ ಎದುರಾಗಿ.